ಎಂ.ಎ. ಆದ ವಾರಿಜಾ, ಹೊಟ್ಟೆ ಉರಿದ ಮಧ್ವರಾಜರು

ಕಲ್ಯಾಣದ ಆಚೆಯ ಶಹಾಡ್ ಸ್ಟೇಷನ್ನಿನಲ್ಲಿ ಇಳಿದು ಎಡಕ್ಕೆ ಹೊರಳಿದರೆ ‘ಅನಂತ ವಿಲಾಸ’ ಎಂಬ ಸಾಮ್ರಾಜ್ಯ ಸಿಗುತ್ತದೆ. ಹದಿನಾಲ್ಕು ಮೇಜು, ಒಂದು ಗಲ್ಲಾ, ಗಲ್ಲಾದ ಮೇಲೆ ಉಡುಪಿ ಕೃಷ್ಣನ ಪಟ, ಪಟದ ಕೆಳಗೆ ಮಧ್ವರಾಜ ರಾವ್. ಮೂವತ್ತು ವರ್ಷಗಳಿಂದ ಅವರು ಆ ಸಿಂಹಾಸನದ ಮೇಲೆ ಕೂತು ಫ್ಯಾಕ್ಟರಿಯ ಕಾರ್ಮಿಕರಿಗೆ ಇಡ್ಲಿ, ಗುಮಾಸ್ತರಿಗೆ ದೋಸೆ, ಪೊಲೀಸರಿಗೆ ಪುಕ್ಕಟೆ ಚಹಾ ದಯಪಾಲಿಸುತ್ತ ಬಂದಿದ್ದಾರೆ.

ಅರವತ್ತು ಮುಟ್ಟಿದರೂ ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬೀಪಿ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು ಒಂದೇ. ಅದನ್ನು ಅವರು ಕಾಯಿಲೆ ಎಂದು ತಿಳಿದವರೂ ಅಲ್ಲ. ಅದರ ಬಲದಿಂದಲೇ ಬದುಕು ಕಟ್ಟಿದ ಮನುಷ್ಯ ಅವರು. ಕಾಪು ಹತ್ತಿರದ ಊರಿನಲ್ಲಿ ಪಿಯುಸಿ ಫೇಲಾಗಿ ಕೂತಿದ್ದಾಗ, ಓರಗೆಯವನೊಬ್ಬ ಕಲ್ಯಾಣದಿಂದ ಕೈಗಡಿಯಾರ ಕಟ್ಟಿಕೊಂಡು ಬಂದದ್ದನ್ನು ಕಂಡು ಮರುವಾರವೇ ಬಸ್ಸು ಹತ್ತಿದರು. ಎದುರಿನ ಹೊಟೇಲಿನವನು ದೊಡ್ಡ ಗ್ರೈಂಡರ್ ತಂದ ಎಂದು ಇವರು ಅದಕ್ಕಿಂತ ದೊಡ್ಡದು ತಂದರು. ದಾಯಾದಿ ಮಧ್ವೇಶನಿಗೆ ಬಿ.ಎ. ಪಾಸಾದ ಹುಡುಗಿಯನ್ನು ನೋಡುತ್ತಿದ್ದಾರೆ ಎಂಬ ಸುದ್ದಿ ಬಂದಾಗ, “ನನಗೂ ಬಿ.ಎ. ಆದ ಹೆಣ್ಣೇ ಆಗಬೇಕು” ಎಂದು ಹಟ ಹಿಡಿದು ವಾರಿಜಾಳನ್ನು ಮದುವೆಯಾದರು. ಮಧ್ವೇಶನಿಗೆ ಕಡೆಗೆ ಸಿಕ್ಕವಳು ಎಸ್ಸೆಸ್ಸೆಲ್ಸಿ. ಆ ಗೆಲುವಿನ ರುಚಿ ಮಧ್ವರಾಜರ ನಾಲಗೆಯ ಮೇಲೆ ಇಪ್ಪತ್ತೆಂಟು ವರ್ಷ ಇತ್ತು.

ಆಮೇಲೆ ವಾರಿಜಾ ಎಂ.ಎ.ಗೆ ಸೇರಿದಳು.

ಮಗಳು ಅಕ್ಷಯಾ ಮದುವೆಯಾಗಿ ನಾಸಿಕಕ್ಕೆ ಹೋದ ವರ್ಷ ಅದು. ಡೊಂಬಿವಲಿ ಪೂರ್ವದ ಮೂರನೇ ಮಾಳಿಗೆಯ ಮನೆ ಸಂಜೆಯಾದರೆ ಬಣಗುಡುತ್ತಿತ್ತು. ನವಿ ಮುಂಬಯಿಯ ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗದಲ್ಲಿ ಶನಿವಾರ ಭಾನುವಾರ ಮಾತ್ರ ತರಗತಿ, ಮೂರು ವರ್ಷದ ಓದು, ವಯಸ್ಸಿನ ಅಡ್ಡಿ ಇಲ್ಲ ಎಂದು ತಿಳಿದದ್ದೇ ತಡ, ಐವತ್ತೊಂದರ ವಾರಿಜಾ ಅರ್ಜಿ ಹಾಕಿದಳು. ಮಧ್ವರಾಜರು ಬೇಡ ಎನ್ನಲಿಲ್ಲ. ನಾಲ್ಕು ದಿನದಲ್ಲಿ ಬಿಟ್ಟು ಬರುತ್ತಾಳೆ ಎಂದುಕೊಂಡು ಉದಾರವಾಗಿ ಒಂದು ಪೆನ್ನನ್ನೂ ಕೊಡಿಸಿದರು. ವಾರಿಜಾ ಬಿಡಲಿಲ್ಲ. ಪೆನ್ನು ಮುಗಿಯಿತು.

ಎದುರು ಮನೆಯ ಅಪ್ಪಾಸಾಹೇಬ ಪಾಟೀಲರು ಈ ಕಥೆಯೊಳಗೆ ಬಂದದ್ದು ಆಗಲೇ. ವಿಜಾಪುರ ಕಡೆಯವರು, ಕಲ್ಯಾಣದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ನಿವೃತ್ತರಾದವರು, ಎಂದೋ ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿ ಅದನ್ನು ಯಾರ ಮೇಲೂ ಪ್ರಯೋಗಿಸಲಾಗದೆ ಮೂವತ್ತೈದು ವರ್ಷ ಒಳಗೇ ಇಟ್ಟುಕೊಂಡವರು. ವಾರಿಜಾ ಒಂದು ದಿನ ಮೆಟ್ಟಿಲ ಮೇಲೆ “ಮಾಮಾ, ಈ ರಾಷ್ಟ್ರಕೂಟರದ್ದು ಸ್ವಲ್ಪ ಹೇಳ್ತೀರಾ?” ಎಂದು ಕೇಳಿದ್ದೇ ಸಾಕಾಯಿತು, ಕಟ್ಟೆ ಒಡೆದ ಕೆರೆಯಂತೆ ಹರಿದರು. ಅಂದಿನಿಂದ ದಿನವೂ ಸಂಜೆ ಐದಕ್ಕೆ ಎರಡು ಮನೆಗಳ ನಡುವಿನ ಪ್ಯಾಸೇಜಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಅಪ್ಪಾಸಾಹೇಬರು, ಇನ್ನೊಂದರಲ್ಲಿ ವಾರಿಜಾ. ಅವರ ಹೆಂಡತಿ ರತ್ನಾಬಾಯಿ ಬಾಗಿಲ ಹೊಸ್ತಿಲ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತ, ಗಂಡ ಅತಿ ಮಾಡಿದಾಗ “ಸಾಕ್ ಮಾಡ್ರಿ ಇನ್ನ, ಅಕ್ಕಾರಿಗೆ ಅಡಿಗಿ ಮಾಡೋದೈತಿ” ಎಂದು ಲಗಾಮು ಎಳೆಯುತ್ತ ಕೂರುತ್ತಿದ್ದರು.

ಮಹಾಮಾರಿ ಬಂದು ಹೊಟೇಲು ಮುಚ್ಚಿದಾಗ ಮಧ್ವರಾಜರಿಗೆ ಈ ದೃಶ್ಯವನ್ನು ದಿನವೂ ಕಣ್ಣಾರೆ ನೋಡುವ ಭಾಗ್ಯ ಒದಗಿತು. ಗಲ್ಲಾ ಇಲ್ಲದ ರಾಜ ಸೋಫಾದ ಮೇಲೆ ಕೂತು ನೋಡಿದ. ತನ್ನ ಹೆಂಡತಿ, ತನಗೆ ಗೊತ್ತಿಲ್ಲದ ರಾಜರ ಬಗ್ಗೆ, ತನಗೆ ಅರ್ಥವಾಗದ ಮಾತಾಡಿ, ಇನ್ನೊಬ್ಬನ ಜೋಕಿಗೆ ನಗುತ್ತಿದ್ದಾಳೆ! ಅದೂ ದಂತಿದುರ್ಗನ ಮೇಲಿನ ಜೋಕು!

ಮೊದಲ ವಾರವೇ ಅವರು ರಾಜಾಜ್ಞೆ ಹೊರಡಿಸಿದರು. ಎದುರು ಮನೆಯಿಂದ ಬಂದ ಪುಸ್ತಕ ಒಂದು ದಿನ ಬಾಲ್ಕನಿಯ ಬಿಸಿಲಲ್ಲಿ ಇರಬೇಕು. ಹೊರಗಿಂದ ಬಂದವರು ತಲೆಗೆ ಸ್ನಾನ ಮಾಡದೆ ಮನೆಯ ಒಂದು ಚಮಚವನ್ನೂ ಮುಟ್ಟಕೂಡದು. ತನ್ನ ಅಜ್ಜಿ ಮಡಿಯಲ್ಲಿದ್ದಾಗ ಹೀಗೆಯೇ ಮಾಡುತ್ತಿದ್ದಳು, ಅದೆಲ್ಲ ವಿಜ್ಞಾನವೇ ಆಗಿತ್ತು ಎಂದು ಭಾಷಣವನ್ನೂ ಕೊಟ್ಟರು. ವಾರಿಜಾ ಮರು ಮಾತಾಡದೆ ಒಪ್ಪಿದಳು. ಒಪ್ಪಿದ್ದನ್ನು ಪಾಲಿಸುವುದರಲ್ಲಿ ಮಾತ್ರ ಆ ಅಜ್ಜಿಯನ್ನೂ ಮೀರಿಸಿದಳು.

ಮರುವರ್ಷದ ಜುಲೈಯಲ್ಲಿ ಫಲಿತಾಂಶ ಬಂತು. ಪ್ರಥಮ ದರ್ಜೆ. ಕಲ್ಯಾಣದ ಹಳೆಯ ಬಂದರಿನ ಮೇಲೆ ಅವಳು ಬರೆದ ಪ್ರಬಂಧಕ್ಕೆ ವಿಶೇಷ ಮೆಚ್ಚುಗೆ. ಸಭಾಂಗಣದಲ್ಲಿ ಪದವಿ ಪ್ರದಾನ ಸಾಧ್ಯವಿಲ್ಲದ ಕಾರಣ ವಿಭಾಗದವರು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಆನ್‌ಲೈನ್ ಸಂಭ್ರಮ ಇಟ್ಟುಕೊಂಡಿದ್ದರು. ಕೊರಿಯರಿನಲ್ಲಿ ಒಂದು ಡಬ್ಬ ಬಂತು. ಅದರೊಳಗೆ ಮರೂನ್ ಬಣ್ಣದ, ಅಂಚಿಗೆ ಹೊನ್ನಿನ ಪಟ್ಟಿ, ತುದಿಗೆ ವಿಶ್ವವಿದ್ಯಾಲಯದ ಮುದ್ರೆ ಇರುವ ಶಾಲು. ಜೊತೆಗೆ ಒಂದು ಚೀಟಿ: ನಿಮ್ಮ ಹೆಸರು ಕರೆದಾಗ, ನಿಮ್ಮ ಓದಿಗೆ ಆಸರೆಯಾದ ಒಬ್ಬರ ಕೈಯಿಂದ ಕ್ಯಾಮೆರಾದ ಎದುರು ಇದನ್ನು ಹೊದಿಸಿಕೊಳ್ಳಿ.

ಆ ಚೀಟಿಯನ್ನು ಮಧ್ವರಾಜರು ಮೂರು ಸಲ ಓದಿದರು. ಶಾಲಿನ ವಿಷಯದಲ್ಲಿ ಅವರು ಸಾಮಾನ್ಯರಲ್ಲ. ಕಲ್ಯಾಣ, ಡೊಂಬಿವಲಿ, ಠಾಣೆಗಳ ಕನ್ನಡ ಸಂಘಗಳು ಅವರಿಗೆ ಹೊದಿಸಿದ ಹದಿನೇಳು ಶಾಲುಗಳು ಕಪಾಟಿನಲ್ಲಿವೆ. ಯಾವುದನ್ನೂ ವಿದ್ವತ್ತಿಗೆ ಕೊಟ್ಟದ್ದಲ್ಲ. ನಮ್ಮ ಸಂಘಗಳಲ್ಲಿ ಬರೆದಿಡದ ಒಂದು ಶಾಸನ ಉಂಟು: ಉಪಾಹಾರ ಯಾರದೋ, ವೇದಿಕೆಯ ಮೇಲೆ ಒಂದು ಕುರ್ಚಿ ಅವರದು. ಕುರ್ಚಿ ಇದ್ದವರಿಗೆ ಶಾಲು, ಶಾಲು ಬಂದವರಿಗೆ ಮೈಕು. ಆದರೆ ಈ ಹದಿನೆಂಟನೆಯದು ಬೇರೆ ಜಾತಿ. ಇದನ್ನು ತಾವು ಹೊದಿಸಬೇಕು.

ತಾವಾಗಿ ಕೇಳುವುದು ರಾಜಮರ್ಯಾದೆಯಲ್ಲ. ಎರಡು ದಿನ ಕೆಮ್ಮಿದರು. ಡಬ್ಬದ ಸುತ್ತ ಸುಳಿದರು. ಮೂರನೆಯ ದಿನ ಊಟಕ್ಕೆ ಕೂತಾಗ ಸಾರಿನೊಂದಿಗೆ ಮಾತನ್ನೂ ಕಲಸಿದರು.

“ಅಲ್ಲ, ಆ ಶಾಲು ಹೊದಿಸುವುದಕ್ಕೆ ಯಾರಾದರೂ ಬೇಕಲ್ವಾ?”

“ಅಪ್ಪಾಸಾಹೇಬ ಮಾಮನಿಗೆ ಹೇಳಿದ್ದೇನೆ. ಎರಡೂ ಡೋಸ್ ಆಗಿದೆ. ಸ್ನಾನ ಮಾಡಿಯೇ ಬರ್ತಾರಂತೆ.”

ಮಧ್ವರಾಜರ ಕೈಯಲ್ಲಿದ್ದ ತುತ್ತು ಬಾಯಿಯ ದಾರಿ ಮರೆಯಿತು.

“ಅವರು ಎಂಥದಕ್ಕೆ? ಮನೆಯಲ್ಲಿ ಗಂಡ ಎಂದು ಒಬ್ಬ ಉಂಟು, ಗೊತ್ತುಂಟಾ?”

“ಗೊತ್ತುಂಟು. ಈ ಮೂರು ವರ್ಷದಲ್ಲಿ ಅವರು ದಿನಾ ಕೇಳ್ತಿದ್ದದ್ದು, ಇವತ್ತು ಎಂಥ ಓದಿದ್ದು ಅಂತ. ನೀವು ಕೇಳಿದ್ದು, ಇವತ್ತು ಎಂಥದು ಸಾರು ಅಂತ. ಇವತ್ತು ಟೊಮೇಟೊ. ಇನ್ನೂ ಸ್ವಲ್ಪ ಹಾಕಲಾ?”

ಆ ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂತು ಎಂದು ಹೇಳಿದರೆ ಯಾರೂ ನಂಬಲಾರರು. ಬೆಳಗಾಗುವಷ್ಟರಲ್ಲಿ ದಂಡಯಾತ್ರೆಯ ನಕ್ಷೆ ತಯಾರಾಗಿತ್ತು. ಅಪ್ಪಾಸಾಹೇಬರು ಹೆಚ್ಚೆಂದರೆ ವಾರಿಜಾಳ ಚೌಕದಲ್ಲಿ ಅರ್ಧ ನಿಮಿಷ ಕಾಣಿಸಿಕೊಳ್ಳುತ್ತಾರೆ. ತಾನು ವೇದಿಕೆಯ ಮೇಲೇ ಕೂತರೆ? ವಿಭಾಗದ ಸಂಯೋಜಕಿ ಶೈಲಶ್ರೀ ಕುಲಕರ್ಣಿ, ಇರುವುದು ಠಾಣೆಯ ಕೋಪರಿಯಲ್ಲಿ, ಮೂಲ ಸೊಲ್ಲಾಪುರದ ಕನ್ನಡದವರು. ಮಧ್ವರಾಜರು ಫೋನು ಹಚ್ಚಿದರು.

“ನಮಸ್ಕಾರ ಮೇಡಂ, ನಾನು ವಾರಿಜಾ ರಾವ್ ಅವರ ಯಜಮಾನ. ನಿಮ್ಮ ಕಾರ್ಯಕ್ರಮದ ಉಪಾಹಾರ ಯಾರದ್ದು?”

“ಉಪಾಹಾರ? ಸರ, ಇದು ಆನ್‌ಲೈನ್ ಅದರೀ. ಎಲ್ಲಾರೂ ಅವರವರ ಮನ್ಯಾಗ ಇರ್ತಾರ.”

“ಮನೆಯಲ್ಲಿ ಇದ್ದವರಿಗೆ ಹಸಿವಾಗುವುದಿಲ್ವಾ ಮೇಡಂ?”

ಡಾಕ್ಟರೇಟ್ ಪಡೆದ ಶೈಲಶ್ರೀ ಕಾರ್ಯಕ್ರಮದ ಪಟ್ಟಿಯಲ್ಲಿ ಉಪಾಹಾರ ಎಲ್ಲಾದರೂ ಇದೆಯೇ ಎಂದು ಹುಡುಕತೊಡಗಿದರು.

“ನೀವು ಬರೀ ವಿಳಾಸ ಕೊಡಿ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ, ಎಲ್ಲ ಮನೆಗೂ ಹತ್ತು ಗಂಟೆಯೊಳಗೆ ಇಡ್ಲಿ, ವಡೆ, ಶಿರಾ ಮುಟ್ಟುತ್ತದೆ. ನಮ್ಮದೇ ಸೇವೆ.”

“ಅಯ್ಯ, ಐವತ್ತೆಂಟು ಮಂದಿ ಅದಾರ್ರಿ ಸರ! ಇದೆಲ್ಲ ಯಾಕ?”

“ಹಾಗೆಲ್ಲ ಕೇಳಬಾರದು. ನನಗೆ ಎರಡು ಮಾತಾಡಲಿಕ್ಕೆ ಬಿಟ್ಟರೆ ಆಯಿತು. ಆಮೇಲೆ ಕೊನೆಯವರೆಗೂ ನಾನು ಅಲ್ಲೇ ಕಾಣಿಸುತ್ತಾ ಇರಬೇಕು. ಮೇಲೆ.”

“ಮ್ಯಾಲ ಅಂದ್ರ?”

“ವೇದಿಕೆಯ ಮೇಲೆ ಮೇಡಂ.”

ಆನ್‌ಲೈನ್ ತರಗತಿ ನಡೆಸುತ್ತ ಒಂದೂವರೆ ವರ್ಷದಿಂದ ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದಿದ್ದ ಆ ಹೆಣ್ಣುಮಗಳು ನಕ್ಕು ಒಪ್ಪಿಕೊಂಡರು.

ಭಾನುವಾರ ನಸುಕಿನಲ್ಲೇ ಮಧ್ವರಾಜರು ಸ್ಕೂಟರ್ ಹತ್ತಿ ಶಹಾಡಿಗೆ ಹೋದರು. ಹಳೆಯ ಅಡುಗೆಭಟ್ಟ ಸೈದಪ್ಪ ಆಗಲೇ ಹಬೆ ಎಬ್ಬಿಸಿದ್ದ. ಆರಕ್ಕೆ ಟೆಂಪೊ ಹೊರಟಿತು. ವಾರಿಜಾ “ಇವತ್ತಾದರೂ ಮನೆಯಲ್ಲಿ ಇರಿ” ಎಂದದ್ದು ನಿಜ. ಆದರೆ ಮನೆಯಲ್ಲಿ ಕೂತರೆ ಬೆನ್ನ ಹಿಂದೆ ಏನಿದೆ? ಫ್ರಿಜ್. ಇಲ್ಲಿ ಹಿಂದೆ ‘ಹೊಟೇಲ್ ಅನಂತ ವಿಲಾಸ, ಶುದ್ಧ ಶಾಕಾಹಾರಿ’ ಎಂಬ ಹದಿನೆಂಟು ಅಡಿಯ ಬೋರ್ಡು ಇದೆ. ಎರಡು ದಾಸವಾಳದ ಗಿಡಗಳ ಕುಂಡ ಆಚೀಚೆ ಇರಿಸಿ, ಕೊರಳಿಗೆ ಹದಿನೇಳರಲ್ಲಿ ಅತ್ಯುತ್ತಮವಾದ ಜರಿ ಶಾಲು ಹಾಕಿಕೊಂಡು, ಗೋಧಿ ಡಬ್ಬಕ್ಕೆ ಫೋನು ಒರಗಿಸಿ ಅವರು ಸಿದ್ಧರಾದರು.

ಹತ್ತೂವರೆಗೆ ಪರದೆ ತುಂಬ ಚೌಕಗಳು ಅರಳಿದವು. ಪ್ರತಿ ಚೌಕದಲ್ಲೂ ಒಬ್ಬ ಪದವೀಧರ, ಹಿಂದೆ ನೆಂಟರು, ನೆಂಟರ ಕೈಯಲ್ಲಿ ವಡೆ. ಕುಲಪತಿಗಳ ಮಾತು, ವಿಭಾಗದ ಮುಖ್ಯಸ್ಥರ ಮಾತು ಆಯಿತು. ನಂತರ ಶೈಲಶ್ರೀ, “ಇವತ್ತಿನ ಫಳಾರದ ದಾನಿಗಳು” ಎಂದು ಕರೆದರು. ಮಧ್ವರಾಜರಿಗೆ ಕೊಟ್ಟದ್ದು ಎರಡು ನಿಮಿಷ. ಮೊದಲನೆಯದು ಮುಗಿಯುವ ತನಕ ಅವರ ತುಟಿ ಮಾತ್ರ ಆಡುತ್ತಿತ್ತು.

“ಪಪ್ಪಾ, ಅನ್‌ಮ್ಯೂಟ್ ಕರಾ ನಾ!” ಎಂದು ನಾಸಿಕದ ಚೌಕದಿಂದ ಅಕ್ಷಯಾ ಕಿರುಚಿದಳು.

ಎರಡನೆಯ ನಿಮಿಷದಲ್ಲಿ ಅವರು ಇತಿಹಾಸ ಮತ್ತು ಇಡ್ಲಿ ಎರಡಕ್ಕೂ ಹುದುಗು ಬೇಕು ಎಂದು ಸಾರಿದರು. ಚಪ್ಪಾಳೆ ಬಿತ್ತು. ಹಲವರ ಕೈ ಚಟ್ನಿಯಾಗಿದ್ದರಿಂದ ಸದ್ದು ಸ್ವಲ್ಪ ಕಮ್ಮಿ. ಮಧ್ವರಾಜರು ಕಣ್ಣಂಚಿನಲ್ಲಿ ಡೊಂಬಿವಲಿಯ ಚೌಕವನ್ನು ಹುಡುಕಿದರು. ವಾರಿಜಾ ನೀಲಿ ಇಳಕಲ್ ಸೀರೆಯುಟ್ಟು ಒಬ್ಬಳೇ ಕೂತಿದ್ದಳು. ಪಕ್ಕದ ಕುರ್ಚಿ ಖಾಲಿ. ಪಾಟೀಲರು ಇನ್ನೂ ಬಂದಿಲ್ಲ. ಮೀಸೆ ತಿದ್ದುತ್ತಿರಬಹುದು ಎಂದು ಇವರು ಹಲ್ಲು ಕಡಿದರು.

ಒಂದೊಂದೇ ಹೆಸರು, ಒಂದೊಂದೇ ಶಾಲು. ಅಪ್ಪ ಹೊದಿಸಿದ, ಅಜ್ಜಿ ಹೊದಿಸಿದಳು, ಒಂದು ಮನೆಯಲ್ಲಿ ಎರಡು ವರ್ಷದ ಮಗ ತಾಯಿಯ ಮುಖಕ್ಕೇ ಮುಸುಕು ಹಾಕಿದ. ‘ರಾವ್, ವಾರಿಜಾ’ ಎಂಬ ಹೆಸರು ಬಂತು. ವಾರಿಜಾ ಎದ್ದು ನಿಂತಳು.

“ಮೇಡಂ, ನನಗೆ ಶಾಲು ಹೊದಿಸಬೇಕಾಗಿದ್ದ ಮಾಮನಿಗೆ ಬೆಳಿಗ್ಗೆಯಿಂದ ಜ್ವರ. ಬರುವುದಿಲ್ಲ ಎಂದು ಈಗ ಹೇಳಿಕಳಿಸಿದರು.”

“ಅಯ್ಯೋ. ಮನ್ಯಾಗ ಬ್ಯಾರೆ ಯಾರೂ ಇಲ್ಲೇನ್ರಿ?”

“ಒಬ್ಬರಿದ್ದಾರೆ,” ಎಂದಳು ವಾರಿಜಾ. “ಅವರು ವೇದಿಕೆಯ ಮೇಲಿದ್ದಾರೆ.”

ಐವತ್ತೆಂಟು ಮನೆಗಳಲ್ಲಿ ನಗು ಎದ್ದಿತು. ವಾರಿಜಾಳೂ ನಕ್ಕಳು. ನಗುತ್ತಲೇ ಶಾಲನ್ನು ಬಿಡಿಸಿ, ತಾನೇ ಹೊದ್ದುಕೊಳ್ಳುವವಳಂತೆ ಎರಡೂ ಕೈಯಲ್ಲಿ ಹಿಡಿದಳು. ಹಿಡಿದವಳು ಒಂದು ಕ್ಷಣ ಹಾಗೆಯೇ ನಿಂತಳು, ಯಾವ ಭುಜದಿಂದ ಸುರುಮಾಡಬೇಕೆಂದು ಗೊತ್ತಾಗದವಳ ಹಾಗೆ. ಬೋರ್ಡಿನ ಕೆಳಗೆ ಜರಿ ಶಾಲು ಹೊದ್ದು ಕೂತಿದ್ದ ಮಧ್ವರಾಜರಿಗೆ ಕೊರಳೆಲ್ಲ ಉರಿಯತೊಡಗಿತು. ಜನ್ಮದಲ್ಲಿ ಮೊದಲ ಸಲ ಅವರು ಒಂದು ಖಾಲಿ ಕುರ್ಚಿಯನ್ನು ಕಂಡು ಹೊಟ್ಟೆ ಉರಿದುಕೊಂಡರು. ಅದರಲ್ಲಿ ತಾನು ಇಲ್ಲವಲ್ಲ!

“ವಾರಿಜಾ! ಮುಟ್ಟಬೇಡ ಅದನ್ನು! ಮೇಡಂ, ಅವಳನ್ನು ಕೊನೆಗೆ ಕರೆಯಿರಿ! ಈಗ ಬಂದೆ!”

ಈ ಸಲ ಮ್ಯೂಟ್ ಆಗಿರಲಿಲ್ಲ. ವೇದಿಕೆಯ ಕುರ್ಚಿ ಉರುಳಿತು, ದಾಸವಾಳದ ಕುಂಡವೂ ಉರುಳಿತು. ಪರದೆಯ ಮೇಲೆ ಬೋರ್ಡು ಮಾತ್ರ ಉಳಿಯಿತು.

ಲೋಕಲ್ ರೈಲು ಆಗಿನ್ನೂ ಎಲ್ಲರಿಗೂ ತೆರೆದಿರಲಿಲ್ಲ. ಹಾಗಾಗಿ ಈ ಮಹಾಪ್ರಸ್ಥಾನ ಸ್ಕೂಟರಿನ ಮೇಲೆಯೇ ನಡೆಯಿತು. ಮಳೆ ಸುರಿಯುತ್ತಿತ್ತು. ಜರಿ ಶಾಲು ಬೆನ್ನ ಹಿಂದೆ ಧ್ವಜದಂತೆ ಹಾರುತ್ತಿತ್ತು, ನೆನೆದ ಮೇಲೆ ಹಾರುವುದನ್ನು ಬಿಟ್ಟು ಬೆನ್ನಿಗೆ ಬಡಿಯತೊಡಗಿತು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ತರಕಾರಿ ಗಾಡಿಗಳ ಚಕ್ರವ್ಯೂಹವನ್ನು ಭೇದಿಸಿದರು. ಪತ್ರಿಪುಲ್ ಸೇತುವೆಯ ಮೇಲೆ ರಿಕ್ಷಾಗಳ ಸೇನೆ ಅಡ್ಡಗಟ್ಟಿ ನಿಂತಿತ್ತು. “ಅರೇ ಬಾಬಾ, ಬಾಯ್ಕೋ ಎಂ.ಎ. ಝಾಲೀ!” ಹೆಂಡತಿ ಎಂ.ಎ. ಆದಳು ಎಂದು ಮಧ್ವರಾಜರು ಮರಾಠಿಯಲ್ಲಿ ಕೂಗಿದರು. ಮಳೆಯಲ್ಲಿ ಅರ್ಧವೇ ಕೇಳಿ, ಹೆಂಡತಿಗೆ ಏನೋ ಆಗಿದೆ, ಆಸ್ಪತ್ರೆಯ ವಿಚಾರ ಎಂದುಕೊಂಡ ರಿಕ್ಷಾದವರು ಪಾಪ, ದಾರಿ ಬಿಟ್ಟರು.

ಅತ್ತ ಪಟ್ಟಿ ಕರಗುತ್ತಿತ್ತು. ಕಡೆಯ ಹೆಸರು ಕೌಶಲ್ ಝೆಂಡೆ. ಅವನಿಗೆ ಶಾಲು ಹೊದಿಸಿ ಆದ ಮೇಲೆ ಶೈಲಶ್ರೀ ಹೊತ್ತು ನೂಕಲು, “ಕೌಶಲ್, ನಾಲ್ಕು ಮಾತು ಹೇಳು. ಐದಾದರೂ ಅಡ್ಡಿ ಇಲ್ಲ,” ಎಂದರು. ಮೂರು ವರ್ಷ ತರಗತಿಯಲ್ಲಿ ಬಾಯಿ ಬಿಡದಿದ್ದ ಆ ಹುಡುಗ ತನ್ನ ಹಳ್ಳಿ, ತನ್ನ ಕುಲದೇವತೆ, ತನ್ನ ಮೋಟರ್ ಸೈಕಲ್ಲಿನ ಮೈಲೇಜು ಎಲ್ಲ ಹೇಳಿ ಮುಗಿಸಿದ.

ಮೂರು ಮಾಳಿಗೆ ಹತ್ತಿ ಮಧ್ವರಾಜರು ಬಾಗಿಲಿಗೆ ಬಂದಾಗ ವಾರಿಜಾ ಹೊಸ್ತಿಲಿನ ಮೇಲೆ ನಿಂತಿದ್ದಳು. ಅವರು ಕೈ ಚಾಚಿದರು. ಅವಳು ಶಾಲನ್ನು ಬೆನ್ನ ಹಿಂದೆ ಸರಿಸಿದಳು.

“ಸ್ನಾನ.”

“ವಾರಿಜಾ, ಅಲ್ಲಿ ಕರೀತಾ ಇದ್ದಾರೆ ಮಾರಾಯ್ತಿ!”

“ಕಾನೂನು ಮಾಡಿದ್ದು ಯಾರು? ಕಲ್ಯಾಣದ ಇಡೀ ಮಾರ್ಕೆಟ್ ಮೈಮೇಲೆ ಹಾಕಿಕೊಂಡು ಬಂದಿದ್ದೀರಿ. ಹೊಸ ಶಾಲು ಇದು. ಹೋಗಿ.”

ಚಕ್ರವರ್ತಿಯು ತನ್ನದೇ ಶಾಸನಕ್ಕೆ ತಲೆಬಾಗಿ ಬಚ್ಚಲಿಗೆ ಓಡಿದ. ನಲ್ಲಿಯಲ್ಲಿ ನೀರು ನಿಂತಿತ್ತು. ಡ್ರಮ್ಮಿನಿಂದ ಚೊಂಬು ಚೊಂಬಾಗಿ ಸುರಿದುಕೊಂಡರು.

“ತಲೆಗೆ ಹಾಕಿಕೊಂಡಿರಾ?” ಹೊರಗಿಂದ ದನಿ.

“ಹಾಕಿಕೊಂಡೆ!”

“ಸೋಪು?”

“ದೇವರಾಣೆ ವಾರಿಜಾ, ನೀನು…”

“ಸೋಪು!”

ಇತ್ತ ಲ್ಯಾಪ್‌ಟಾಪಿನಿಂದ ಶೈಲಶ್ರೀ ದನಿ ಕೇಳಿತು: “ವಾರಿಜಾ ಮೇಡಂ, ಕುಲಪತಿಗಳು ಹೊರಡಬೇಕಂತಾರ. ಇನ್ನ ಎಷ್ಟೊತ್ತು?” ವಾರಿಜಾ ಕ್ಯಾಮೆರಾದತ್ತ ಹೋಗಿ ಶಾಂತವಾಗಿ ಹೇಳಿದಳು: “ಸೋಪು ಆಯಿತು ಮೇಡಂ. ಇನ್ನು ನೀರು ಹಾಕಿಕೊಂಡರೆ ಬಂದೇ ಬಿಡ್ತಾರೆ.”

ಬಂದರು. ಸೊಂಟಕ್ಕೆ ಒದ್ದೆ ಪಂಚೆ, ಎದೆಯ ಮೇಲೆ ಜನಿವಾರ, ಕಿವಿಯಲ್ಲಿ ನೊರೆ. ಐವತ್ತೆಂಟು ಕುಟುಂಬಗಳು, ಒಬ್ಬ ಕುಲಪತಿ, ಇಬ್ಬರು ಡೀನರು ನೋಡುತ್ತಿದ್ದಂತೆ ಮಧ್ವರಾಜರು ಎರಡೂ ಕೈಯಿಂದ ಶಾಲನ್ನು ತೆಗೆದುಕೊಂಡರು. ವಾರಿಜಾ ತುಸು ತಲೆ ಬಾಗಿಸಿದಳು. ಅವರು ಹೊದಿಸಿದರು. ಹೊದಿಸಿದ ಮೇಲೆ ಕೈ ತೆಗೆಯಲು ಮರೆತು ಅವಳ ಭುಜ ಹಿಡಿದುಕೊಂಡೇ ನಿಂತರು. ಅಕ್ಷಯಾ ನಾಸಿಕದಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ, ಚಿಕ್ಕ ಚೌಕದಲ್ಲಿ ಗೊತ್ತಾಗಲಿಲ್ಲ.

ಆಮೇಲೆ ವಾರಿಜಾ ನಾಲ್ಕು ಮಾತಾಡಿದಳು. ಅಪ್ಪಾಸಾಹೇಬ ಪಾಟೀಲರು ಪ್ಯಾಸೇಜಿನಲ್ಲಿ ಹೇಗೆ ಪಾಠ ಹೇಳಿದರು, ಶಾಸನ ಓದುವುದನ್ನು ಹೇಗೆ ಕಲಿಸಿದರು, ತನ್ನ ಪ್ರಬಂಧವನ್ನು ಎರಡು ಸಲ ಹೇಗೆ ತಿದ್ದಿದರು, ಅವರು ಇವತ್ತು ಇಲ್ಲದ್ದು ತನಗೆ ಎಷ್ಟು ಕೊರತೆ. ರತ್ನಾಬಾಯಿಯವರ ಚಹಾಕ್ಕೆ ವಂದನೆ. “ನಮ್ಮ ಮನೆಯವರಿಗೂ ವಂದನೆ. ದೂರದಿಂದ ಬಂದರು.”

ಮಧ್ವರಾಜರು ಮನಸ್ಸಿನಲ್ಲೇ ತೂಗಿ ನೋಡಿದರು. ಪಾಟೀಲರಿಗೆ ಒಂದು ನಿಮಿಷ, ಚಹಾಕ್ಕೆ ಒಂದು ವಾಕ್ಯ, ತನಗೂ ಚಹಾದಷ್ಟೇ. ಎದೆಯೊಳಗೆ ಆರಿದ್ದ ಒಲೆ ಮತ್ತೆ ಬುಸ್ ಎಂದಿತು. ಪರದೆ ಕಪ್ಪಾದದ್ದೇ ತಡ, ಒಂದು ಮಾಸ್ಕು ಏರಿಸಿಕೊಂಡು, ಒದ್ದೆ ಪಂಚೆಯಲ್ಲೇ ಹೋಗಿ ಬಾಗಿಲು ತೆರೆದರು.

ಎದುರಿನ ಜಾಲರಿ ಬಾಗಿಲ ಹಿಂದೆ ಅಪ್ಪಾಸಾಹೇಬರು ಮಫ್ಲರ್ ಸುತ್ತಿಕೊಂಡು, ಮೂಗಿನ ತನಕ ಮಾಸ್ಕು ಏರಿಸಿ, ಕೈಯಲ್ಲಿ ಫೋನು ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು.

“ಏನು ಅಪ್ಪಾಸಾಹೇಬ್ರೇ, ಕಂಡಿತಾ? ಫೋನಿನಲ್ಲಿ ಸರಿಯಾಗಿ ಕಂಡಿತಾ?” ಮಧ್ವರಾಜರ ದನಿಯಲ್ಲಿ ಶಿರಾ ಸುರಿಯುತ್ತಿತ್ತು.

“ಕಂಡಿತ್ರೀ ರಾವ್ ಸಾಹೇಬ್ರ. ಭಾಳ ಛಲೋ ಕಂಡಿತು.” ಅಪ್ಪಾಸಾಹೇಬರು ಕೆಮ್ಮಿದರು. “ಖರೇ ಹೇಳಲೇನು? ಹೊಟ್ಟಿ ಉರೀತು ನನಗ. ಮೂರು ವರ್ಷ ಕಲಿಸಿದಾಂವ ನಾ, ಹೊಚ್ಚಿದವರು ನೀವು. ಜ್ವರ ಒಂದು ದಿನ ತಡದು ಬಂದಿದ್ರ ಏನಾಗತಿತ್ತು ಅದಕ್ಕ?”

ಮಧ್ವರಾಜರಿಗೆ ಆ ಮಾತು ಹದಿನೇಳು ಶಾಲಿಗಿಂತ ಬೆಚ್ಚಗೆನಿಸಿತು. ಸಂಜೆ ಕಷಾಯ ಕಳಿಸುತ್ತೇನೆ ಎಂದರು. ಬಾಗಿಲು ಹಾಕಿಕೊಳ್ಳಬೇಕು ಎನ್ನುವಾಗ ಎದುರಿನಿಂದ ಮತ್ತೆ ದನಿ ಬಂತು.

“ಆದ್ರ ಒಂದು ಮಾತ್ರೀ. ಶಾಲು ತಿರುವಿ ಹೊಚ್ಚೀರಿ. ವಿದ್ಯಾಪೀಠದ ಮುದ್ರಿ ಪೂರಾ ಒಳಮಗ್ಗಲ ಹೋಗೇತಿ. ಕುಲಪತಿಗಳಿಗೆ ಬರೇ ಹೊಲಿಗಿ ಕಂಡಿತು.”

ಒಳಗಿನಿಂದ ರತ್ನಾಬಾಯಿ ನಕ್ಕದ್ದು ಜಾಲರಿಯ ಆಚೆಗೂ ಕೇಳಿಸಿತು.

ಮಧ್ವರಾಜರು ಬಾಗಿಲು ಹಾಕಿದರು. ವಾರಿಜಾ ಕನ್ನಡಿಯ ಮುಂದೆ ನಿಂತು ತನ್ನನ್ನೇ ನೋಡಿಕೊಳ್ಳುತ್ತಿದ್ದಳು. ತಿರುವಿ ಹೊದಿಸಿದ್ದು ಅವಳಿಗೆ ಆಗಲೇ ಗೊತ್ತಿತ್ತು ಎನ್ನುವುದು ಅವಳ ತುಟಿಯಂಚಿನಲ್ಲಿ ಕಾಣುತ್ತಿತ್ತು.

“ಸ್ವಲ್ಪ ಈಚೆ ತಿರುಗು,” ಎಂದರು ಮಧ್ವರಾಜರು. “ಇನ್ನೊಂದು ಸಲ ಹೊದಿಸಬೇಕು.”

“ಈಗ ಯಾರು ನೋಡ್ಲಿಕ್ಕೆ?”

“ಯಾರೂ ಬೇಡ.”

ಅವಳು ತಿರುಗಿದಳು.